ಬಿಳಿ ಬಂಡೆಗಳ ಚಿತ್ರ

ಫೆಬ್ರವರಿ 11ರ ಬೆಳಿಗ್ಗೆ ತಮಿಳುನಾಡಿನ ಸೋಮನೂರಿನ ಮಗ್ಗದ ಮಾಲೀಕ ವಸಂತಕುಮಾರ್ ಠಾಣೆಗೆ ಬಂದು ದೂರು ಕೊಟ್ಟ. ಹಾಲ್‌ನಲ್ಲಿದ್ದ ಫ್ರಾನ್ಸಿನ ಹಳೆಯ ವರ್ಣಚಿತ್ರ ರಾತ್ರಿ ಕಳುವಾಗಿದೆ. ಕಡಲತೀರ, ಪಕ್ಕದಲ್ಲಿ ಕಡಿದಾದ ಬಿಳಿ ಬಂಡೆಗಳು. ಮನೆಗೆಲಸದ ಪಾಪಾತಿಯ ಮೇಲೆ ಅನುಮಾನ. ಇನ್‌ಸ್ಪೆಕ್ಟರ್ ಗೋಕಿಲಾ ಎಫ್‌ಐಆರ್ ದಾಖಲಿಸಿದರು.

ಪಾಪಾತಿಯ ಮನೆ ವಸಂತಕುಮಾರನ ಬೀದಿಯಲ್ಲೇ, ಎದುರು ಸಾಲಿನಲ್ಲಿತ್ತು. ಕಾನ್‌ಸ್ಟೇಬಲ್ ಸೆಂದಿಲ್ ಪೆಟ್ಟಿಗೆಯ ಸೀರೆಗಳನ್ನೆಲ್ಲ ಎಳೆದು ಜಗಲಿಗೆ ಹಾಕಿದ. ಬೀದಿಯವರು ಮಗ್ಗ ನಿಲ್ಲಿಸಿ ಬಂದು ನೋಡಿದರು. ಚಿತ್ರ ಸಿಗಲಿಲ್ಲ.

ವಸಂತಕುಮಾರನ ಮನೆಯಲ್ಲಿ ಪಂಚನಾಮೆ ನಡೆಯಿತು. ಖಾಲಿ ಚೌಕಟ್ಟು ಸೋಫಾದ ಹಿಂದಿತ್ತು. ಅದರ ಸಣ್ಣ ಮೊಳೆಗಳನ್ನು ಒಂದೊಂದಾಗಿ ಕಿತ್ತು ಬಟ್ಟಲಲ್ಲಿ ಹಾಕಿಟ್ಟಿದ್ದರು. ಕಳ್ಳನಾಗಿದ್ದರೆ ಬ್ಲೇಡಿನಲ್ಲಿ ಕುಯ್ದು ಒಯ್ಯುತ್ತಿದ್ದ. ಇದು ಕ್ಯಾನ್ವಾಸಿಗೆ ನೋವಾಗಬಾರದೆಂದುಕೊಂಡವರ ಕೆಲಸ.

"ಮನೇಲಿ ಚಿತ್ರ ಬರೆಯೋರು ಯಾರು?" ಗೋಕಿಲಾ ವಸಂತಕುಮಾರನನ್ನು ಕೇಳಿದರು.

"ತಂಗಿ ವಿನೋದಿನಿ. ಡ್ರಾಯಿಂಗ್ ಟೀಚರ್ ಮೇಡಂ. ಅವಳ್ಯಾಕೆ..."

ಮಹಡಿಯ ಅವಳ ಕೋಣೆಯಲ್ಲಿ ಟರ್ಪೆಂಟೈನ್ ವಾಸನೆ. ಮಂಚದ ಕೆಳಗೆ ಬೆಡ್‌ಶೀಟಿನಲ್ಲಿ ಸುತ್ತಿದ್ದ ಚಿತ್ರ ಸಿಕ್ಕಿತು. ಮೂಲೆಯ ಫ್ರೆಂಚ್ ಸಹಿ ಅರ್ಧ ಅಳಿಸಿತ್ತು. ಅದರಡಿ ತಮಿಳು ಅಕ್ಷರಗಳಲ್ಲಿ ವಿನೋದಿನಿಯ ಹೆಸರು ಕಾಣುತ್ತಿತ್ತು.

ವಿನೋದಿನಿ ಕಿಟಕಿಯ ಬಳಿ ನಿಂತಿದ್ದಳು. ಗೋಕಿಲಾ ತಮಿಳು ಬಿಟ್ಟು ಇಬ್ಬರ ಮನೆಮಾತಾದ ಕನ್ನಡಕ್ಕೆ ಬಂದರು. "ನೀನು ಬರ್ದಿದ್ದಾಮ್ಮಾ?"

"ಹೌದಕ್ಕಾ. ಕಾಲೇಜಲ್ಲಿ ಪುಸ್ತಕ ನೋಡಿ ಬರ್ದೆ. ಗೃಹಪ್ರವೇಶಕ್ಕೆ ಅಣ್ಣಂಗೆ ಕೊಟ್ಟೆ. ನನ್ ಹೆಸ್ರು ಮುಚ್ಚಿ ಬೇರೆ ಬರೆಸವ್ನೆ. ನಿನ್ನೆ ಬಂದೋರ ಹತ್ರ ಪ್ಯಾರಿಸಲ್ಲಿ ದುಡ್ಡು ಕೊಟ್ಟು ವಾಂಗಿದ್ದು ಅಂದ. ನಾನು ಅಲ್ಲೇ ಟೀ ಕೊಡ್ತಿದ್ದೆ."

ವಸಂತಕುಮಾರನ ಮುಖ ಕೆಂಪೇರಿತು. "ಕಂಪ್ಲೇಂಟ್ ವಾಪಸ್ ತಗೋತೀನಿ ಮೇಡಂ. ಮಾನ ಹೋಗುತ್ತೆ."

"ಎಫ್‌ಐಆರ್ ಆಗಿದೆ," ಎಂದು ಗೋಕಿಲಾ ವಿನೋದಿನಿಯತ್ತ ತಿರುಗಿದರು. "ಪಾಪಾತಿ ಮನೆ ಹುಡುಕುವಾಗ ಎಲ್ಲಿದ್ದೆ?"

"ಇದೇ ಕಿಟಕೀಲಿ."

"ನೋಡ್ದ್ಯಾ?"

"ನೋಡ್ದೆ."

"ಇಳಿದು ಬರಲಿಲ್ಲ?"

ಅವಳು ಬೆಡ್‌ಶೀಟನ್ನು ಮತ್ತೆ ಚಿತ್ರದ ಮೇಲೆ ಎಳೆದಳು.

ಮನೆಯೊಳಗಿನ ಕಳವಿನ ಆರೋಪದ ಮೇಲೆ ಮಧ್ಯಾಹ್ನ ಒಂದಕ್ಕೆ ಅವಳನ್ನು ಬಂಧಿಸಲಾಯಿತು. ಪಾಪಾತಿ ಇನ್ನೂ ಜಗಲಿಯಲ್ಲಿ ಕೂತು ಸೀರೆ ಮಡಚುತ್ತಿದ್ದಳು. ಗೋಕಿಲಾ ಬಗ್ಗಿ ಒಂದು ಸೆರಗು ಹಿಡಿದರು.

"ಬೇಡಮ್ಮಾ," ಪಾಪಾತಿ ತಲೆಯೆತ್ತದೆ ಸೆರಗನ್ನು ಎಳೆದುಕೊಂಡಳು. "ನಾನೇ ಮಡ್ಸ್ಕೋತೀನಿ."

ಗೋಕಿಲಾ ಜೀಪು ಹತ್ತಿದರು. ಒಳಗೆ ವಿನೋದಿನಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು.

ಸಂಜೆ ಕೊಟ್ಟ ಹೇಳಿಕೆಯಲ್ಲಿ ಅವಳು ಕಾರಣ ಹೇಳಿದಳು: ನಾಲ್ಕು ಜನರ ಮುಂದೆ ಇದು ನನ್ನ ಚಿತ್ರ ಎನ್ನಲು ನಾಚಿಕೆಯಾಯಿತು, ಅದಕ್ಕೇ ತೆಗೆದೆ. ಪಾಪಾತಿ ಬೀದಿಯಲ್ಲಿ ಅಳುತ್ತ ನಿಂತಾಗಲೂ ಬಾಯಿ ಬಿಡಲು ನಾಚಿಕೆಯೇ ಆಯಿತು.