ಬಾಳೂರಿನ ಕಪ್ಪು ಗೋಳ

ಧರ್ಮೇಶನ ಹೆಣವನ್ನು ಮೊದಲು ಕಂಡವಳು ಪಾಪಮ್ಮ. ಬೆಳಿಗ್ಗೆ ಕೆಲಸಕ್ಕೆ ಹೊರಟವಳು ತೋಟದ ದಾರಿಯ ತಿರುವಿನಲ್ಲಿ ಗಕ್ಕನೆ ನಿಂತಳು. ಕಾಫಿ ಹೂವು ಅರಳಿ ಇಳಿಜಾರೆಲ್ಲ ಬೆಳ್ಳಗಾಗಿತ್ತು. ಆ ಬಿಳುಪಿನ ನಡುವೆ ಬಾಳೂರು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಧರ್ಮೇಶ್ ಬೋರಲು ಬಿದ್ದಿದ್ದ. ತಲೆಯ ಹಿಂಭಾಗ ಒಡೆದಿತ್ತು. ಪಕ್ಕದಲ್ಲೊಂದು ಗುಂಡಿ. ಗುಂಡಿಯೊಳಗೆ ಕೊಡದಷ್ಟು ದೊಡ್ಡ, ಸುಟ್ಟು ಕಪ್ಪಾದ ಲೋಹದ ಗೋಳ. ಮೇಲೆ ನೆರಳಿನ ಮರದ ಕೊಂಬೆಯೊಂದು ಮುರಿದು ಜೋತಾಡುತ್ತಿತ್ತು.

ಪಾಪಮ್ಮ ತಲೆಯೆತ್ತಿ ಆಕಾಶ ನೋಡಿದಳು. ಆಮೇಲೆ ಕಿರುಚಿದಳು.

ಸುದ್ದಿ ಬೆಂಗಳೂರು ಮುಟ್ಟುವ ಹೊತ್ತಿಗೆ ರಕ್ಷಾ ಆಫೀಸಿನಲ್ಲಿ ಟೀ ಕುಡಿಯುತ್ತಿದ್ದಳು. ಲೋಟ ಕೈಯಲ್ಲೇ ಉಳಿಯಿತು. ಅವಳ ಕಂಪನಿ ಚಿಕ್ಕದು. ಮಾಡುವ ಕೆಲಸ ಮಾತ್ರ ವಿಚಿತ್ರ. ಬಾಹ್ಯಾಕಾಶದಲ್ಲಿ ಯಾವ ಉಪಗ್ರಹ ಯಾವುದಕ್ಕೆ ಡಿಕ್ಕಿ ಹೊಡೆದೀತು, ಯಾವುದನ್ನು ಎತ್ತ ಸರಿಸಬೇಕು, ಸತ್ತುಹೋದದ್ದನ್ನು ಹೇಗೆ ಕೆಳಗಿಳಿಸಿ ದಾರಿ ತೆರವು ಮಾಡಬೇಕು — ಇದನ್ನೆಲ್ಲ ಲೆಕ್ಕ ಹಾಕಿ ವಿದೇಶದ ಉಪಗ್ರಹಗಳ ಮಾಲೀಕರಿಗೆ ಹೇಳುವುದು. ಆ ವಾರ ಒಂದು ಮುದಿ ಉಪಗ್ರಹವನ್ನು ಕೆಳಗಿಳಿಸಿದ್ದರು. ಉಳಿದ ಚೂರುಪಾರು ದಕ್ಷಿಣದ ಸಮುದ್ರಕ್ಕೆ ಬೀಳುತ್ತದೆ ಎಂದು ಲೆಕ್ಕ ಹಾಕಿದವಳು ರಕ್ಷಾ. ಅದು ಉರಿಯುತ್ತ ಹಾದುಹೋದ ದಾರಿ ಇದೇ ಮಲೆನಾಡಿನ ಮೇಲಿತ್ತು. ಟೀವಿಯವರು ಎರಡು ದಿನದಿಂದ 'ತಲೆ ಮೇಲೆ ಬೀಳಲಿದೆ' ಎಂದು ಬೊಬ್ಬೆ ಹಾಕುತ್ತಲೂ ಇದ್ದರು.

"ಹೋಗಿ ಬಾ. ನಮ್ಮದಲ್ಲ ಅಂತ ಹೇಳಿಬಿಡು," ಎಂದರು ಕಂಪನಿಯ ಯಜಮಾನರು.

"ನಮ್ಮದೇ ಆಗಿದ್ರೆ ಸರ್?"

ಅವರು ಆಗಲೇ ಜೀಪಿಗೆ ಫೋನು ಹಚ್ಚಿದ್ದರು.

ದಾರಿಯುದ್ದಕ್ಕೂ ಅವಳು ಅದೇ ಲೆಕ್ಕವನ್ನು ಮತ್ತೆ ಮತ್ತೆ ಹಾಕಿದಳು. ಎಲ್ಲಿ ತಪ್ಪಿದೆ? ಗಾಳಿಯ ಸಾಂದ್ರತೆಯಲ್ಲೋ? ಒಂದು ಟ್ಯಾಂಕು ಮಾತ್ರ ಮೊದಲೇ ಕಳಚಿಕೊಂಡಿತೋ? ಮೂಡಿಗೆರೆ ದಾಟಿ ಘಟ್ಟದ ತಿರುವುಗಳು ಶುರುವಾದಾಗ ಅವಳು ಲೆಕ್ಕ ಬಿಟ್ಟಳು. ಕಂಡಿಲ್ಲದ, ಕೇಳಿಲ್ಲದ ಒಬ್ಬ ಮನುಷ್ಯನನ್ನು ತಾನು ಕೊಂದೆನೆ?

ಮಾರನೇ ದಿನವೂ ಬಾಳೂರಿನಲ್ಲಿ ಯಾರೂ ಕೆಲಸಕ್ಕೆ ಇಳಿದಿರಲಿಲ್ಲ. ಕೂಲಿ ಲೈನಿನ ಮನೆಗಳ ಬಾಗಿಲುಗಳೆಲ್ಲ ಮುಚ್ಚಿದ್ದವು. ನೀರಿಗೆ ಬಂದ ಹೆಂಗಸರು ತಲೆಯ ಮೇಲೆ ಖಾಲಿ ಬುಟ್ಟಿ ಕವುಚಿಕೊಂಡು ಓಡುತ್ತಿದ್ದರು. ಜೀಪು ಇಳಿದವಳ ಬಳಿಗೆ ಪಾಪಮ್ಮ ಬಂದು ಅಂಜುತ್ತ ಕೇಳಿದಳು:

"ಅಮ್ಮಾ, ಇನ್ನೂ ಬೀಳ್ತದಾ?"

"ಇಲ್ಲ," ಎಂದಳು ರಕ್ಷಾ. ದನಿ ನಡುಗಿತು. ಪಾಪಮ್ಮನಿಗೆ ಅದು ಕೇಳಿಸಿತು.

ಗುಂಡಿಯ ಪಕ್ಕ ಇನ್‌ಸ್ಪೆಕ್ಟರ್ ಸರ್ವಮಂಗಳಾ ಕಾಯುತ್ತಿದ್ದರು — ನಲವತ್ತು ದಾಟಿದ, ಮಾತು ಕಮ್ಮಿಯ ಹೆಂಗಸು.

"ನೋಡಿ. ನಿಮ್ಮದೇನ್ರಿ?"

ರಕ್ಷಾ ಮಂಡಿಯೂರಿ ಕೂತಳು. ಒಂದೇ ನೋಟ ಸಾಕಾಯಿತು. ಉಪಗ್ರಹಕ್ಕೋ ರಾಕೆಟ್ಟಿಗೋ ಇಂಧನ ತುಂಬುವ ಟ್ಯಾಂಕು, ಸಂಶಯವೇ ಇಲ್ಲ. ಮೈಯೆಲ್ಲ ಬೆಂಕಿಯಲ್ಲಿ ಬೆಂದ ಗುರುತು. ಅಕ್ಷರವಾಗಲಿ ಅಂಕಿಯಾಗಲಿ ಉಳಿದಿರಲಿಲ್ಲ. ನೆತ್ತಿಯಲ್ಲಿ ಕೊಳವೆ ಸೇರಿಸುವ ಹೆಬ್ಬೆರಳಗಲದ ತೂತು. ಅದರಲ್ಲಿ ಬೆಳ್ಳನೆಯ ಮಣ್ಣು ಮೆತ್ತಿಕೊಂಡಿತ್ತು.

'ನಮ್ಮದಲ್ಲ' ಎಂಬ ಮಾತು ನಾಲಿಗೆಯ ತುದಿವರೆಗೂ ಬಂತು.

"ಮೇಲಿಂದ ಬಿದ್ದಿದ್ದೇ ಮೇಡಂ," ಎಂದಳು. "ನಮ್ಮದೂ ಆಗಿರಬಹುದು."

"ಕೇಳಿದ್ರಲ್ಲ!" ಹಿಂದಿನಿಂದ ಯಾರೋ ಗಟ್ಟಿಯಾಗಿ ಹೇಳಿದರು. ಎಸ್ಟೇಟಿನ ಯಜಮಾನ ದಿಲೀಪ್. ಅವನು ದೂರದಲ್ಲಿ ನಿಂತಿದ್ದ ಆಳುಗಳ ಕಡೆ ತಿರುಗಿದ. "ಇವ್ರೇ ಬೀಳಿಸಿದ್ದಂತೆ. ನಮ್ಮ ಧರ್ಮೇಶನ್ನ ಕೊಂದೋರು ಇವ್ರೇ!"

ಗುಂಪು ಹತ್ತಿರ ಸರಿಯಿತು. ಒಬ್ಬ ಬಗ್ಗಿ ಕಲ್ಲೆತ್ತಿಕೊಂಡ. ಸರ್ವಮಂಗಳಾ ರಕ್ಷಾಳ ತೋಳು ಹಿಡಿದು ತಮ್ಮ ಬೆನ್ನ ಹಿಂದೆ ನಿಲ್ಲಿಸಿಕೊಂಡರು.

"ಕಲ್ಲು ಕೆಳಗೆ ಹಾಕು ಮಾರಾಯ. ಕೇಸಿನ್ನೂ ಮುಗ್ದಿಲ್ಲ."

ವಿಚಾರಣೆಗೆ ದಿಲೀಪ್ ತನ್ನ ಹೊಸ ಹೋಂಸ್ಟೇಯ ಜಗಲಿ ಬಿಟ್ಟುಕೊಟ್ಟ. ಪೇಟೆಯ ಜನಕ್ಕೆ ಹಿಡಿಸಲೆಂದು ಹಳೇ ಕಾಲದ ಮಾದರಿಯಲ್ಲಿ ಮಣ್ಣಿನ ಗೋಡೆ ಏಳಿಸುತ್ತಿದ್ದ. ಊರಿನ ಕೆಂಪು ಮಣ್ಣು ಬೇಡವೆಂದು ಬಯಲುಸೀಮೆಯಿಂದ ಲಾರಿಯಲ್ಲಿ ಬಿಳಿ ಜೇಡಿ ತರಿಸಿದ್ದ. ಕಂಬಿ ಕಿಟಕಿಯ, ಬೀಗ ಹಾಕಿದ ಉಗ್ರಾಣದ ಪಕ್ಕ ಕಲಸಿಟ್ಟ ಒದ್ದೆ ಜೇಡಿಯ ಮೇಲೆ ಹುಳವೊಂದು ಗುಂಯ್‌ಗುಡುತ್ತ ಹಾರಿಬಂದಾಗ ರಕ್ಷಾ ಬೆಚ್ಚಿ ಪಕ್ಕಕ್ಕೆ ಸರಿದಳು. ಆಗ ಅವಳಿಗೆ ಯಾವ ಸದ್ದಾದರೂ ಭಯವೇ.

"ಧರ್ಮೇಶನಿಗೆ ಆಗದೋರು ಯಾರಾದ್ರೂ ಇದ್ರಾ?" ಸರ್ವಮಂಗಳಾ ಕೇಳಿದರು.

"ಆಕಾಶದಿಂದ ಬಿದ್ದಿದ್ದಕ್ಕೂ ಅದಕ್ಕೂ ಎಂಥ ಸಂಬಂಧ ಮೇಡಂ?" ದಿಲೀಪ್ ನಕ್ಕ. "ಕೇಳೋದೇ ಆದ್ರೆ ಡ್ರೈವರ್ ನಂದನ್‌ನ ಕೇಳಿ."

ನಂದನ್ ಬಂದ. ಮೂವತ್ತರ ಆಸುಪಾಸು; ಕಣ್ಣು ನೆಲ ಬಿಟ್ಟು ಏಳಲಿಲ್ಲ.

"ನಿನ್ಗೂ ಧರ್ಮೇಶಂಗೂ ಏನು?"

"ಹೋದ ಮಳೆಗಾಲ ಎಸ್ಟೇಟ್ ಜೀಪಿಗೆ ಸಿಕ್ಕಿ ಒಬ್ಬ ಆಳು ಸತ್ತ. ಓಡಿಸ್ತಿದ್ದದ್ದು ನಾನು ಅಂತ ಪೊಲೀಸ್‌ನೋರ ಹತ್ರ ಅವ್ನೇ ಹೇಳಿದ್ದು. ನಾ ಜೀಪಲ್ಲೇ ಇರ್ಲಿಲ್ಲ. ಈಗ ಜಾಮೀನಲ್ಲಿದ್ದೇನೆ."

"ಹಂಗಾದ್ರೆ ಸಿಟ್ಟಿರ್ಬೇಕಲ್ಲ?"

"ಇತ್ತು. ಹೆಣ ನೋಡೋಕೂ ಹೋಗ್ಲಿಲ್ಲ ನಾನು."

"ಕೊಂದ್ಯಾ?"

ನಂದನ್ ಗಾಬರಿಯಿಂದ ತಲೆ ಎತ್ತಿದ. "ಮೇಲಿಂದ ಬಿತ್ತು ಅಂದ್ರಲ್ಲ?"

ಸರ್ವಮಂಗಳಾ ಎದ್ದು ಧರ್ಮೇಶನ ಮನೆಗೆ ಹೊರಟರು, ರಕ್ಷಾಳನ್ನೂ ಕರೆದುಕೊಂಡರು. ಅವಳಿಗೆ ಅದೇ ಎಲ್ಲಕ್ಕಿಂತ ಕಷ್ಟವಾಯಿತು. ಒಳಗೆ ಧರ್ಮೇಶನ ಹೆಂಡತಿ ಪವಿತ್ರಾ ಗೋಡೆಗೊರಗಿ ಕೂತಿದ್ದಳು. ಅತ್ತು ಅತ್ತು ದನಿ ಉಡುಗಿತ್ತು. ನಾನೇ ಅದನ್ನು ಕೆಳಗಿಳಿಸಿದ್ದು ಎಂದು ಇವಳಿಗೆ ಹೇಗೆ ಹೇಳುವುದು? ರಕ್ಷಾ ಬಾಗಿಲಲ್ಲೇ ನಿಂತಳು.

"ಅವತ್ತು ಸಂಜೆ ಎಲ್ಲಿಗೆ ಹೊರಟಿದ್ರಮ್ಮ?"

"ಧಣಿಗಳ ಹತ್ರ. ಮುಂದಿನ ವಾರ ಕೋರ್ಟಲ್ಲಿ ಸಾಕ್ಷಿ ಇತ್ತು. 'ಸುಳ್ಳು ಹೇಳಿ ಹೇಳಿ ನಿದ್ದೆ ಬರ್ತಿಲ್ಲ, ಈ ಸಲ ನಿಜ ಹೇಳ್ತೇನೆ, ಅದನ್ನ ಅವ್ರ ಮುಖಕ್ಕೇ ಹೇಳಿ ಬರ್ತೇನೆ' ಅಂದ್ರು." ಪವಿತ್ರಾ ಕಣ್ಣೊರೆಸಿಕೊಂಡಳು. "ಅವತ್ತು ಜೀಪು ಓಡಿಸಿದ್ದು ಧಣಿಗಳೇ. ಇವ್ರು ಪಕ್ಕದಲ್ಲಿ ಕೂತಿದ್ರು."

ಹೊರಗೆ ಬಂದು ಸರ್ವಮಂಗಳಾ ಗುಂಡಿಯ ಕಡೆಗೆ ನಡೆದರು.

"ರಕ್ಷಾ, ಆ ಟ್ಯಾಂಕು ಬೀಳ್ವಾಗ ಎಷ್ಟು ಬಿಸಿ ಇರ್ತದೆ?"

"ಮೇಲೆ ಕೆಂಪಗೆ ಕಾದಿರ್ತದೆ. ಲೋಹ ಕರಗೋ ಹಂಗೆ."

"ತೂತಿನೊಳಗೆ?"

"ಅಲ್ಲೂ ಅಷ್ಟೇ. ಏನಿದ್ರೂ ಸುಟ್ಟು ಬೂದಿ." ರಕ್ಷಾ ತಡೆದಳು. "ಯಾಕೆ ಮೇಡಂ?"

"ಬನ್ನಿ."

ಹೋಂಸ್ಟೇಯ ಜಗಲಿಗೆ ಗೋಳವನ್ನು ತರಿಸಿದರು. ದಿಲೀಪ್‌ನನ್ನೂ ನಂದನ್‌ನನ್ನೂ ಕರೆಸಿದರು. ಜಗಲಿಯ ಎರಡೂ ತುದಿಗೆ ಕಾನ್‌ಸ್ಟೇಬಲ್‌ಗಳು ನಿಂತರು.

"ಗುಂಡಿಯ ಮಣ್ಣು ಕೆಂಪು," ಎಂದರು ಸರ್ವಮಂಗಳಾ. "ಈ ತೂತಲ್ಲಿರೋ ಮಣ್ಣು ಬಿಳಿ. ಅದೂ ಅಲ್ದೆ ತೂತು ಇದ್ದದ್ದು ಮೇಲ್ಗಡೆ. ನೆಲಕ್ಕೆ ಬಡಿದು ಮೆತ್ಕೊಂಡಿದ್ದಾದ್ರೆ ಕೆಳಗಡೆ ಇರ್ಬೇಕಿತ್ತು. ಯಾರೋ ಬೆರಳಲ್ಲಿ ಸವರಿದ ಹಂಗೆ ಎಷ್ಟು ನುಣ್ಣಗಿದೆ ನೋಡಿ."

ಅವರು ಮುಡಿಯಿಂದ ಹೇರ್‌ಪಿನ್ ತೆಗೆದು ಆ ಮಣ್ಣಿನ ಮುಚ್ಚಳವನ್ನು ಮೆಲ್ಲಗೆ ಮೀಟಿದರು. ಮುಚ್ಚಳ ಒಡೆಯಿತು. ಒಳಗಿಂದ ಸಣ್ಣ ಹಸಿರು ಕಂಬಳಿಹುಳುಗಳು ಒಂದೊಂದಾಗಿ ಉದುರಿದವು. ಕೊನೆಗೆ ಹಳದಿ ಬಣ್ಣದ, ದಪ್ಪನೆಯ ಒಂದು ಮರಿ — ಜೀವಂತ. ಅದು ಮೆಲ್ಲಗೆ ಮೈ ಹೊರಳಿಸಿತು.

"ಕುಂಬಾರ ಹುಳದ ಗೂಡು," ಎಂದ ನಂದನ್ ತನ್ನಷ್ಟಕ್ಕೆ. "ಮರಿ ತಿನ್ಲಿ ಅಂತ ಕಂಬಳಿಹುಳ ತುಂಬಿ ಮಣ್ಣಲ್ಲಿ ಮುಚ್ತದೆ."

ರಕ್ಷಾ ಬಗ್ಗಿ ನೋಡಿದಳು. "ಬೆಂಕಿಯಲ್ಲಿ ಬಂದ ಟ್ಯಾಂಕಲ್ಲಿ ಜೀವ ಉಳಿಯೋ ಹಂಗೇ ಇಲ್ಲ..."

"ಹುಳು ಗೂಡು ಕಟ್ಟಿ, ಮೊಟ್ಟೆಯಿಟ್ಟು, ಮರಿ ಇಷ್ಟು ಬೆಳೀಬೇಕಾದ್ರೆ ಎಷ್ಟು ದಿನ ಬೇಕು? ಇದು ಮೊನ್ನೆ ಬಿದ್ದಿದ್ದಲ್ಲ. ಬಿದ್ದು ಎಷ್ಟು ಕಾಲವಾಯ್ತೋ. ಯಾರೋ ತಂದು ನೆರಳಲ್ಲಿ ಇಟ್ಕೊಂಡಿದ್ರು. ಪಕ್ಕದಲ್ಲೇ ಒದ್ದೆ ಬಿಳಿ ಮಣ್ಣು ಇರೋ ಜಾಗದಲ್ಲಿ." ಸರ್ವಮಂಗಳಾ ಕಲಸಿಟ್ಟ ಜೇಡಿಯ ಕಡೆ ನೋಡಿದರು. "ಬಾಳೂರಲ್ಲಿ ಬಿಳಿ ಜೇಡಿ ಇನ್ನೆಲ್ಲಿದೆ ದಿಲೀಪ್ ಅವ್ರೇ?"

"ಇಲ್ಲಿಗೆ ಯಾರು ಬೇಕಾದ್ರೂ ಬರ್ತಾರೆ—"

"ಆ ಉಗ್ರಾಣಕ್ಕೆ? ಬೀಗದಕೈ ಯಾರ ಹತ್ರ ಇದೆ?"

ದಿಲೀಪ್‌ನ ಕೈ ಸೊಂಟಕ್ಕೆ ಹೋಯಿತು. ಅಲ್ಲಿ ನೇತಾಡುತ್ತಿದ್ದ ಗೊಂಚಲನ್ನು ಕಾನ್‌ಸ್ಟೇಬಲ್ ಬಿಚ್ಚಿಕೊಂಡ. ಉಗ್ರಾಣದ ಹಲಗೆಯ ಮೇಲೆ ಒಂದು ಒಣಹುಲ್ಲಿನ ಸಿಂಬಿ ಸಿಕ್ಕಿತು. ಒಳಸುತ್ತಿಗೆ ಕಪ್ಪು ಮಸಿ ಹತ್ತಿತ್ತು. ಗೋಳ ತಂದಿಟ್ಟರು, ಸರಿಯಾಗಿ ಕೂತಿತು. ಮೂಲೆಯಲ್ಲಿ ಮಣ್ಣು ಬಡಿಯುವ ಮರದ ಕೊಡತಿಗಳ ಸಾಲು. ಎಲ್ಲವೂ ಜೇಡಿ ಮೆತ್ತಿಕೊಂಡಿದ್ದವು — ಒಂದರ ಹೊರತು. ಅದನ್ನು ಮಾತ್ರ ಉಜ್ಜಿ ಉಜ್ಜಿ ತೊಳೆದಿದ್ದರು. ಆದರೂ ಮರದ ಬಿರುಕಿನಲ್ಲಿ ಕಂದು ಕಲೆಯೊಂದು ಉಳಿದಿತ್ತು.

"ಧರ್ಮೇಶ್ ನಿಜ ಹೇಳ್ತೇನೆ ಅಂದ. ಅವನು ಬೆನ್ನು ತಿರುಗಿಸಿದಾಗ ನೀವು ಹೊಡೆದ್ರಿ. ಟೀವಿಯಲ್ಲಿ ಉಪಗ್ರಹದ ಸುದ್ದಿ ಬರ್ತಿತ್ತು, ಕೈಗೆ ಸಿಗೋ ಹಂಗೆ ಗೋಳವೂ ಇತ್ತು. ಗುಂಡಿ ತೋಡಿದ್ರಿ, ಕೊಂಬೆ ಮುರಿದ್ರಿ. ಊರಿಡೀ ಹೆದರಿ ಮೇಲೆ ನೋಡ್ತಾ ನಿಂತ್ಬಿಡ್ತು."

ದಿಲೀಪ್ ಜಗಲಿಯ ಕಂಬ ಹಿಡಿದು ಕೂತ. "ದೇವರಮನೆ ಹುಲ್ಲುಗುಡ್ಡದಲ್ಲಿ ಸಿಕ್ಕಿದ್ದು ಅದು," ಎಂದ, ಬಾಯಿ ಒಣಗಿ. "ಗೆಸ್ಟ್‌ಗಳಿಗೆ ತೋರ್ಸೋಣ ಅಂತ ತಂದಿಟ್ಟಿದ್ದೆ... ಎಷ್ಟು ಕೈ ಮುಗಿದ್ರೂ ಅವನು ಕೇಳ್ಲಿಲ್ಲ ಮೇಡಂ."

ಅವನ ಕೈಗೆ ಕೋಳ ಬಿತ್ತು.

ರಕ್ಷಾ ಮೆಟ್ಟಿಲ ಮೇಲೆ ಕುಸಿದು ಕೂತಳು. ತಾನು ಕೊಂದಿರಲಿಲ್ಲ. ಆದರೆ ಆ ಮಣ್ಣಿನ ಮುಚ್ಚಳವನ್ನು ಎಲ್ಲರಿಗಿಂತ ಹತ್ತಿರದಿಂದ ನೋಡಿದವಳು ತಾನೇ. ತನ್ನದೇ ತಪ್ಪೆಂದು ಮೊದಲೇ ಒಪ್ಪಿಕೊಂಡ ಕಣ್ಣಿಗೆ ಅದು ಕಂಡೇ ಇರಲಿಲ್ಲ.

ನಂದನ್ ಇನ್ನೂ ಅಲ್ಲೇ ನಿಂತಿದ್ದ.

"ಮೇಡಂ," ಎಂದ ಸರ್ವಮಂಗಳಾರ ಕಡೆ ತಿರುಗಿ, "ಧರ್ಮೇಶ್ ಕೋರ್ಟಲ್ಲಿ ನನ್ನ ಪರ ಹೇಳೋನಿದ್ನಾ?"

"ಹೌದಪ್ಪ. ಅದಕ್ಕೇ ಸತ್ತ."

ಅವನು ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡ.

"ಅವನನ್ನ ಆಸ್ಪತ್ರೆಯಿಂದ ಯಾವಾಗ ತರ್ತಾರೆ?"

"ಈಗ ಬರ್ಬೋದು. ಯಾಕೆ?"

"ಹೊರೋಕೆ ಒಂದು ಹೆಗಲು ಬೇಕಾಗ್ತದಲ್ಲ," ಎಂದ ನಂದನ್. ಟವೆಲನ್ನು ತಲೆಗೆ ಸುತ್ತಿಕೊಂಡು, ಪವಿತ್ರಾಳ ಮನೆಯ ಕಡೆ ಇಳಿಜಾರಿನಲ್ಲಿ ಬಿರಬಿರನೆ ನಡೆದ.