ಏಳನೇ ಡಬ್ಬಿಯ ದಾರಿ

ಬೇರು ಜಾರುತ್ತಿತ್ತು.

ಅದಕ್ಕೆ ಜೋತುಬಿದ್ದವನು ನಾನು. ಕೆಳಗೆ ಮೂವತ್ತು ಅಡಿ ಇಳಿಜಾರು, ಬಂಡೆ, ಮಳೆಗೆ ಉಕ್ಕಿದ ತೊರೆ. ಮೇಲೆ ಕಾಲುದಾರಿಯ ಅಂಚಿನಲ್ಲಿ ಒಬ್ಬ ನಿಂತು ನೋಡುತ್ತಿದ್ದ. ಗುಡ್ಡ ಹತ್ತುವವರಿಗೆ ಶೂ, ಹಗ್ಗ, ರೇನ್‌ಕೋಟು ಮಾರುವ ಅಂಗಡಿಯವನು. ಈಗಷ್ಟೇ ನನ್ನ ಬೆನ್ನಿಗೆ ಕೈಯಿಟ್ಟು ತಳ್ಳಿದವನು.

“ಹಗ್ಗ ಎಸೀರಿ,” ಎಂದೆ.

“ನಾನೇನೂ ಮಾಡ್ಬೇಕಾಗಿಲ್ಲ ಸರ್. ಮಣ್ಣು ನೆಂದಿದೆ. ಅದೇ ನೋಡ್ಕೊಳ್ಳುತ್ತೆ.”

ತಿರುಗಿ ನಡೆದುಬಿಟ್ಟ. ಅವಸರವೂ ಇರಲಿಲ್ಲ.

ಕೇಳಿ... ಇಪ್ಪತ್ತೆರಡು ವರ್ಷ ಪತ್ತೇದಾರಿ ಕೆಲಸ ಮಾಡಿದ್ದೇನೆ. ಕಂಡವರ ಗಂಡಂದಿರನ್ನು ಹುಡುಕಿ ಕೊಟ್ಟಿದ್ದೇನೆ. ಈ ಸಲ ಕಾಣೆಯಾದದ್ದು ನನ್ನ ಅಕ್ಕನ ಗಂಡ.

ಭಾವ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಅವರಿಗೊಂದು ಹುಚ್ಚು... ಜಿಯೋಕ್ಯಾಶಿಂಗ್. ಕಾಡಿನಲ್ಲಿ ಪುಟ್ಟ ಡಬ್ಬಿ ಬಚ್ಚಿಡುವುದು, ಅದಿರುವ ಜಾಗದ ಅಕ್ಷಾಂಶ ರೇಖಾಂಶ ನೆಟ್‌ನಲ್ಲಿ ಹಾಕುವುದು. ಯಾರೋ ಫೋನು ಹಿಡಿದು ಹುಡುಕಿಕೊಂಡು ಬಂದು, ಡಬ್ಬಿಯೊಳಗಿನ ಪುಸ್ತಕದಲ್ಲಿ ಹೆಸರು ಬರೆದು ಹೋಗುತ್ತಾರೆ. ಅಷ್ಟೇ ಆಟ.

ಆದರೆ ತಯಾರಿ ನೋಡಬೇಕು ಅವರದು. ಚಳಿಗಾಲ ಮುಗಿದು ವಸಂತದ ಮಳೆ ಹಿಡಿದರೆ ಊಟದ ಮೇಜೆಲ್ಲ ಅವರದೇ. ಪ್ಲಾಸ್ಟಿಕ್ ಕವರಿನಲ್ಲಿ ಎರಡು ಜೊತೆ ಒಣ ಸಾಕ್ಸು. ವಿಷಲ್ಲು. ಪೆನ್ಸಿಲ್ಲು, ಏಕೆಂದರೆ ಒದ್ದೆ ಕಾಗದದ ಮೇಲೆ ಪೆನ್ನು ಬರೆಯುವುದಿಲ್ಲ. ಕೆಸರಲ್ಲಿ ಜಾರದ, ಹಲ್ಲುಹಲ್ಲಾದ ಅಟ್ಟೆಯ ಬೂಟು.

ಅವರು ಕಾಣೆಯಾದ ಮೂರನೇ ದಿನ ನಾನು ಹೋದಾಗ ಅವೆಲ್ಲ ಮೇಜಿನ ಮೇಲೇ ಇದ್ದವು. ಬೂಟು ಬಾಗಿಲ ಬಳಿ. ಒಣಗಿತ್ತು.

“ಅಕ್ಕಾ, ಹೊರಡೋ ಮುಂಚೆ ಏನಾಯ್ತು?”

“ಫೋನ್ ಬಂತು ಕಣೋ. ಹತ್ ನಿಮಿಷ, ಬಂದೆ ಅಂತ ಸ್ಕೂಲಿನ ಶೂಸಲ್ಲೇ ಓಡಿದ್ರು. ಆ ಫೋನಿನ ವಿಷ್ಯ ಪೊಲೀಸ್ರಿಗೂ ಹೇಳೋಕೆ ತೋಚ್ಲಿಲ್ಲ ನಂಗೆ.”

ಪೊಲೀಸರು ಎದುರು ಗುಡ್ಡ ಹುಡುಕುತ್ತಿದ್ದರು. ಭಾವ ಅತ್ತ ಹೋದದ್ದನ್ನು ನೋಡಿದೆ ಎಂದಿದ್ದ ಅಂಗಡಿಯವನು. ಆದರೆ ಭಾವನ ನೋಟ್‌ಬುಕ್ಕಿನ ಕೊನೇ ಸಾಲು ಈ ಗುಡ್ಡದ್ದು: ‘ಏಳನೇ ಡಬ್ಬಿ. ನಾನಿಟ್ಟದ್ದಲ್ಲ ಒಳಗಿರುವುದು.’

ಅಕ್ಕ ಭಾವನ ಬೂಟನ್ನೇ ನನಗೆ ಹಾಕಿಸಿದಳು. ಚೀಲ ಹೆಗಲಿಗೇರಿಸಿದಳು. ನಾಲ್ಕು ಗಂಟೆಗೆ ಬರದಿದ್ದರೆ ಪೊಲೀಸರನ್ನು ಇಲ್ಲಿಗೇ ಕಳಿಸು ಎಂದು ಹೇಳಿ ಹೊರಟೆ. ರೇನ್‌ಕೋಟು ಕೊಳ್ಳಲು ಅಂಗಡಿಗೆ ಹೋದಾಗ ಅವನು ತಾನೂ ಬರುತ್ತೇನೆಂದ. ದಾರಿ ತುಂಬ ಕೆಸರಂತೆ.

ಅರ್ಧ ದಾರಿಯಲ್ಲಿ ಕೇಳಿದೆ. “ಅಷ್ಟು ಶಿಸ್ತಿನ ಮನುಷ್ಯ ಬೂಟಿಲ್ಲದೆ ಯಾಕೆ ಹೊರಟ್ರು?”

“ಫೋನ್ ಬಂತಲ್ಲ ಸರ್, ಗಡಿಬಿಡೀಲಿ...”

ಮಾತು ಅಲ್ಲೇ ನಿಂತಿತು. ಫೋನಿನ ವಿಷಯ ಅಕ್ಕನಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು. ಮೂರನೆಯವನು ಫೋನು ಮಾಡಿದವನೇ ಆಗಿರಬೇಕು.

ಅದು ನನಗೆ ಹೊಳೆಯುವ ಮೊದಲೇ ಅವನಿಗೆ ಹೊಳೆದಿತ್ತು.

ಬೇರು ಕಿತ್ತು ಬಂತು.

ಕಣ್ಣು ಬಿಟ್ಟಾಗ ಎಡಗಾಲು ತೊಡೆಯ ಕೆಳಗೆ ತಿರುಚಿಕೊಂಡಿತ್ತು. ವಿಷಲ್ಲಿದ್ದ ಚೀಲ ತೊರೆಯ ಪಾಲು. ಫೋನು ಎರಡು ಹೋಳು. ಕೈಗಡಿಯಾರದಲ್ಲಿ ಗಂಟೆ ಹನ್ನೊಂದು.

“ನನ್ ಬೂಟ್ ಹಾಕ್ಕೊಂಡಿದೀಯಾ?”

ಹತ್ತು ಅಡಿ ಆಚೆ, ಬಂಡೆಯ ಸಂದಿಯಲ್ಲಿ ಭಾವ. ಜೀವ ಇತ್ತು. ತುಟಿ ನೀಲಿ. ಸ್ಕೂಲಿನ ಕಪ್ಪು ಶೂ ಒಂದೇ ಕಾಲಿನಲ್ಲಿ.

“ಅಲ್ಲಾಡ್ಬೇಡಿ ಭಾವ. ಬಂದೆ.”

ಬರಲಾಗಲಿಲ್ಲ. ಮೊಣಕೈ ಊರಿ ಎಳೆದೆ. ಒಂದು ಅಡಿ ಮುಂದೆ ಹೋದರೆ ಕೆಸರು ಅಷ್ಟೇ ಹಿಂದೆ ಜಾರಿಸುತ್ತಿತ್ತು. ಮತ್ತೆ ಎಳೆದೆ. ಮತ್ತೆ ಜಾರಿದೆ. ಕೂಗಿದೆ. ತೊರೆ ನನಗಿಂತ ಜೋರಾಗಿ ಕೂಗುತ್ತಿತ್ತು.

“ಡಬ್ಬೀಲಿ ಮಾತ್ರೆ ಇತ್ತು,” ಎಂದರು ಭಾವ. “ನಶೆ ಮಾತ್ರೆ. ಆ ಅಂಗಡಿಯವ್ನೇ ಇಡ್ತಿದ್ದ. ನಿಲ್ಸಪ್ಪಾ, ಇಲ್ಲಾಂದ್ರೆ ಪೊಲೀಸ್ ಅಂದೆ. ಎಲ್ಲ ತೆಗೀತೀನಿ, ನೀವೇ ಬಂದು ನೋಡಿ ಅಂತ ಫೋನ್ ಮಾಡ್ದ... ನಂಬ್ದೆ. ತಳ್ಬಿಟ್ಟ.”

“ಮಾತಾಡ್ಬೇಡಿ.”

“ಕಾಲು ತಣ್ಣಗಾಗಿದೆ ಕಣೋ. ಒಣ ಸಾಕ್ಸ್ ಇದೆಯಾ?”

“ಇದೆ ಭಾವ. ತಂದೆ.”

ಇರಲಿಲ್ಲ.

ಹನ್ನೆರಡು. ಒಂದು. ಎರಡು. ಹತ್ತು ಅಡಿ ಹತ್ತು ಅಡಿಯೇ ಉಳಿಯಿತು. ಎರಡೂವರೆಗೆ ಭಾವನನ್ನು ಏನೋ ಕೇಳಿದೆ. ಉತ್ತರ ಬರಲಿಲ್ಲ. ಆಮೇಲೂ ನಾನು ಮಾತಾಡುತ್ತಲೇ ಇದ್ದೆ.

ಐದಕ್ಕೆ ಮೇಲಿಂದ ದನಿಗಳು ಕೇಳಿದವು. ಹಗ್ಗ ಇಳಿಯಿತು. ಹಗ್ಗ ಹಿಡಿದು ಇಳಿದವನ ಬೂಟು ಮೊದಲು ಕಂಡಿತು, ಆಮೇಲೆ ಮುಖ.

ಅವನೇ. ಊರಿನಲ್ಲಿ ಹಗ್ಗದ ಕೆಲಸ ಬಲ್ಲವನು ಅವನೊಬ್ಬನೇ. ಪೊಲೀಸರು ಕರೆದರೆ ಆಗಲ್ಲ ಅನ್ನುವುದು ಹೇಗೆ?

ನನ್ನ ಕಣ್ಣು ತೆರೆದೇ ಇದ್ದದ್ದು ಕಂಡು ಅವನ ಮುಖದ ಬಣ್ಣ ಇಳಿಯಿತು. ಭಾವನ ಕುತ್ತಿಗೆ ಮುಟ್ಟಿ ನೋಡಿದ. ನಂತರ ನನ್ನ ಸೊಂಟಕ್ಕೆ ಬೆಲ್ಟು ಬಿಗಿಯುತ್ತ ಕಿವಿಯ ಬಳಿ ಬಗ್ಗಿದ.

“ಮೇಲೆ ಹೋಗೋವರೆಗೂ ಗಂಟು ನನ್ ಕೈಲಿದೆ ಸರ್.”

“ಕಾಲು ಜಾರ್ತು,” ಎಂದೆ ನಾನು. “ಯಾರ್ದೂ ತಪ್ಪಿಲ್ಲ.”

ಭುಜ ತಟ್ಟಿದ. ಭಾವನನ್ನು ಅಲ್ಲೇ ಬಿಟ್ಟು ಮೂವತ್ತು ಅಡಿ ಅವನ ಎದೆಗೆ ಒರಗಿಕೊಂಡು ಏರಿದೆ. ಹಸುಗೂಸಿನ ಹಾಗೆ.

ಮೇಲೆ ಇನ್ಸ್‌ಪೆಕ್ಟರು, ನಾಲ್ವರು ಪೇದೆಗಳು, ಅಕ್ಕ. ನನ್ನನ್ನು ಸ್ಟ್ರೆಚರಿಗೆ ಹಾಕಿದರು. ಬೆಲ್ಟು ಬಿಚ್ಚುವವರೆಗೆ ಬಾಯಿ ಬಿಡಲಿಲ್ಲ ನಾನು.

ಅಕ್ಕ ನನ್ನ ಮುಖ ನೋಡಿದಳು. ಕೇಳದೆಯೇ ಅವಳಿಗೆ ತಿಳಿಯಿತು. ಕುಸಿದವಳು ಪಕ್ಕದಲ್ಲಿದ್ದವನ ಎರಡೂ ಕೈ ಹಿಡಿದುಕೊಂಡಳು.

“ನನ್ ತಮ್ಮನ್ನಾದ್ರೂ ಉಳಿಸಿಕೊಟ್ರಲ್ಲ,” ಎಂದು ಅಂಗಡಿಯವನ ಕೈಗಳನ್ನು ಕಣ್ಣಿಗೊತ್ತಿಕೊಂಡು ಅತ್ತಳು.

“ಅಕ್ಕಾ,” ಎಂದೆ. “ಆ ಕೈ ಬಿಡು. ಇನ್ಸ್‌ಪೆಕ್ಟರಿಗೆ ಬೇಕು.”