ಖಡ್ಗದ ಮೇಲಿನ ಮೂರು ಪದ

ನಿಲೇಶ ಅವತ್ತು ದನಿ ಏರಿಸಿ ಮಾತಾಡಿದ್ದರೆ ಮಲ್ಲಿನಾಥ ಎಂದೋ ಮರೆತುಬಿಡುತ್ತಿದ್ದ. ಆದರೆ ನಿಲೇಶ, ತಾನು ಮಾಮಾ ಎಂದು ಕರೆಯುತ್ತಿದ್ದ ಮಲ್ಲಿನಾಥನ ಎದುರಿಗೇ, ಮೆಲ್ಲಗೆ, ಮನೆಯ ಹಿರಿಯರ ಆರೋಗ್ಯದ ಬಗ್ಗೆ ಮಾತಾಡುವವನ ಹಾಗೆ ಹೇಳಿದ.

'ಮಾಮಾರ ಕಣ್ಣ ಈಗ ಮೊದಲಿನಂಗ ಉಳದಿಲ್ರೀ, ಕಾಕಾಸಾಹೇಬ. ದೀಪ ಹೊಸಾದೈತಿ. ಹಳೇದರಂಗ ಮಾಡ್ಯಾರ.'

ಆ ತೂಗುದೀಪವನ್ನು ಮಲ್ಲಿನಾಥ ದಾನೋಳಿಯ ರೈತರೊಬ್ಬರ ಮನೆಯ ಅಟ್ಟದಿಂದ ಇಳಿಸಿ ತಂದಿದ್ದ. ಮೊದಲು ತೋರಿಸಿದ್ದು ನಿಲೇಶನಿಗೇ. ಇಬ್ಬರೂ ಕೂಡಿ ಅದನ್ನು ಕೊಲ್ಲಾಪುರಕ್ಕೆ, ಹಳೆಯ ವಸ್ತು ಕೂಡಿಡುವ ಶ್ರೀಮಂತ ಕಾಕಾಸಾಹೇಬರ ಮನೆಗೆ ಒಯ್ದಿದ್ದರು. ನಿಲೇಶ ಆ ಮಾತು ಅಂದದ್ದೇ ಕಾಕಾಸಾಹೇಬರು ದೀಪವನ್ನು ಮತ್ತೆ ಅರಿವೆಯಲ್ಲಿ ಸುತ್ತಿ ಕೊಟ್ಟರು, ಚಹಾ ತರಿಸಿದರು, ಆಮೇಲೆ ಮಲ್ಲಿನಾಥನನ್ನು ಕರೆಯುವುದನ್ನೇ ಬಿಟ್ಟರು. ಅಪ್ಪನ ಕಾಲದಿಂದ ಅವರ ಮನೆಗೆ ಹಳೆಯ ಸಾಮಾನು ಕೊಡುತ್ತ ಬಂದವನು ಒಂದು ಮಾತಿನಲ್ಲಿ ಖೋಟಾ ಮಾಲಿನ ವ್ಯಾಪಾರಿಯಾದ. ಬೇಸತ್ತು ಅವನು ದೀಪವನ್ನು ಹಿತ್ತಾಳೆಯ ತೂಕಕ್ಕೆ ಮಾರಿಬಿಟ್ಟ. ಮುಂದಿನ ದೀಪಾವಳಿಗೆ ಅದೇ ದೀಪ ಕಾಕಾಸಾಹೇಬರ ಪಡಸಾಲೆಯಲ್ಲಿ ಉರಿಯಿತು. ತೂಕಕ್ಕೆ ಕೊಂಡವನ ಹಿಂದೆ ನಿಲೇಶ ಇದ್ದ; ಅದನ್ನೇ ಬೆಳಗಿ, ಬೇರೆ ಅಸಲಿ ದೀಪವೆಂದು ಮಾರಿದ್ದ.

ನಿಲೇಶ ಹೊರಗಿನವನಾಗಿದ್ದರೆ ಮಾತು ಬೇರೆ ಇತ್ತು. ಕೊರೋಚಿಯ ಮಗ್ಗದ ಕೆಲಸಗಾರನ ಮಗ. ಮೀಸೆ ಚಿಗುರುವ ವಯಸ್ಸಿಗೆ ಗಡಹಿಂಗ್ಲಜದ ಮಲ್ಲಿನಾಥನ ಪಾತ್ರೆ ಅಂಗಡಿಗೆ ಬಂದಿದ್ದ. ಹಳೆಯ ಹಿತ್ತಾಳೆಯನ್ನು ಮೂಸಿ ಗುರುತು ಹಿಡಿಯುವುದನ್ನೂ, ಬೆಸುಗೆಯನ್ನು ಉಗುರಿನಿಂದ ಹುಡುಕುವುದನ್ನೂ ಮಲ್ಲಿನಾಥನೇ ಕಲಿಸಿದ. ಹೆಂಡತಿ ಗುರುಸಿದ್ದವ್ವ ಅವನಿಗೆ ತನ್ನ ಕೈಯಾರೆ ರೊಟ್ಟಿ ಬಡಿದು ಹಾಕಿದಳು. ದೀಪದ ಸುದ್ದಿ ಕೇಳಿದ ದಿನ ಅವಳು 'ನಮ್ಮ ಉಪ್ಪು ಉಂಡಾನ' ಎಂದಳು, ಅಷ್ಟೇ. ಮಲ್ಲಿನಾಥನಿಗೆ ಬೈಗುಳಕ್ಕಿಂತ ಆ ಮಾತೇ ಒಳಗೆ ಹೊಕ್ಕು ಕೂತಿತು.

ಹೊಡೆಸುವುದು, ಬೆಂಕಿ ಇಡುವುದು ಇವೆಲ್ಲ ಅವನ ತಲೆಗೆ ಬರಲೇ ಇಲ್ಲ. ಅವನಿಗೆ ಬೇಕಾದದ್ದು ಅದೇ ಪಡಸಾಲೆ, ಅದೇ ಕಾಕಾಸಾಹೇಬ, ಅದೇ ಅವಮಾನ. ಅವಮಾನಕ್ಕೆ ನಿಲ್ಲುವವನು ಮಾತ್ರ ಬೇರೆ. ನಿಲೇಶ ಒಂದು ಖೋಟಾ ವಸ್ತುವನ್ನು ಎದೆ ತಟ್ಟಿ ಮಾರಬೇಕು. ಅದು ಖೋಟಾ ಎಂದು ನಾಲ್ಕು ಜನರ ಮುಂದೆ ಮಲ್ಲಿನಾಥನ ಕಣ್ಣೇ ಹಿಡಿಯಬೇಕು.

ಕಷ್ಟವಿದ್ದದ್ದು ಒಂದೇ ಕಡೆ. ಲೋಹದಲ್ಲಿ ನಿಲೇಶನಿಗೆ ಮೋಸ ಮಾಡುವುದು ಸಾಧ್ಯವಿರಲಿಲ್ಲ, ಕಲಿಸಿದವನು ತಾನೇ. ಆದ್ದರಿಂದ ಖಡ್ಗವೊಂದನ್ನು ಕಟ್ಟುವುದಾದರೆ ಅದರ ಅಲಗು ನಿಜವಾಗಿಯೂ ಹಳೆಯದೇ ಇರಬೇಕು. ಅಂಥ ಬೋಳು ಅಲಗೊಂದು ಅಜ್ಜನ ಕಾಲದಿಂದ ಮಲ್ಲಿನಾಥನ ಮಾಳಿಗೆಯಲ್ಲಿ ಬಿದ್ದಿತ್ತು, ಯಾರೂ ಕಂಡಿರಲಿಲ್ಲ. ಬರೀ ಅಲಗಿಗೆ ಬೆಲೆಯಿಲ್ಲ. ಅದರ ಮೇಲೆ ಅಕ್ಷರ ಬಂದರೆ ಬೆಲೆ. ಆ ಅಕ್ಷರಗಳೊಳಗೆ ಇಸವಿ ಅಡಗಿದ್ದರೆ ಬೆಲೆಯ ಮಾತೇ ಬೇರೆ.

ಹಿಂದಿನವರು ಹೀಗೆ ಇಸವಿ ಅಡಗಿಸುತ್ತಿದ್ದರೆಂದು ಅವನು ಎಲ್ಲೋ ಕೇಳಿದ್ದ. ಅರಬ್ಬಿಯ ಒಂದೊಂದು ಅಕ್ಷರಕ್ಕೂ ಒಂದೊಂದು ಅಂಕಿ ಇದೆ. ಪದ ಜೋಡಿಸಿ, ಅಂಕಿ ಕೂಡಿಸಿದರೆ ಹಿಜರಿ ಇಸವಿ ಬರುತ್ತದೆ. ಖೋಟಾ ಮಾಡುವವರು ಇಸವಿಯನ್ನು ನೇರವಾಗಿ ಕೆತ್ತಿ ಸಿಕ್ಕಿಬೀಳುತ್ತಾರೆ. ಅಡಗಿಸಿಟ್ಟರೆ ಅದನ್ನು ಓದುವ ಪಂಡಿತನೇ ಕಂಡುಹಿಡಿಯುತ್ತಾನೆ. ತಾನೇ ಕಂಡುಹಿಡಿದದ್ದರ ಮೇಲೆ ಯಾವ ಮನುಷ್ಯನಿಗೂ ಸಂಶಯ ಬರುವುದಿಲ್ಲ. ಇನ್ನು ಇದನ್ನು ಮಾಡಿದವನು ಮಲ್ಲಿನಾಥ ಎಂದು ಯಾರು ಅಂದಾರು? ಬಸ್ಸಿನ ಬೋರ್ಡು ಉರ್ದುವಿನಲ್ಲಿದ್ದರೆ ಓದಲಾರದ ಲಿಂಗಾಯತ ಪಾತ್ರೆ ವ್ಯಾಪಾರಿ ಅವನು.

ಕಲಿಯಲು ಅವನು ಇಚಲಕರಂಜಿಯನ್ನು ಆರಿಸಿಕೊಂಡ. ಅಲ್ಲಿ ಅವನನ್ನು ಬಲ್ಲವರಿರಲಿಲ್ಲ. ಮಗ್ಗಗಳ ಓಣಿಯೊಂದರಲ್ಲಿ ಬಾಬಾಲಾಲ ಮುಜಾವರ ಎಂಬ ನಿವೃತ್ತ ಉರ್ದು ಮಾಸ್ತರರಿದ್ದರು. ರಾಯಬಾಗದಲ್ಲಿ ಹುಟ್ಟಿದವರಾದ್ದರಿಂದ ಬಾಯಲ್ಲಿ ಕನ್ನಡ ಉಳಿದಿತ್ತು. ಮೊಣಕಾಲು ಕೈಕೊಟ್ಟು ಹೊಸ್ತಿಲು ದಾಟುತ್ತಿರಲಿಲ್ಲ. ಮಲ್ಲಿನಾಥ ತನ್ನ ಹೆಸರು ಅಲ್ಲಪ್ಪ, ಕೊರೋಚಿಯ ಮಗ್ಗದಲ್ಲಿದ್ದೆ, ಈಗ ಹೊತ್ತು ಹೋಗುವುದಿಲ್ಲ ಎಂದು ಹೇಳಿಕೊಂಡ. ಮಾಸ್ತರರು ಫೀ ಕೇಳಲಿಲ್ಲ. ಈ ವಯಸ್ಸಿಗೆ ಕಲಿಯಲು ಬಂದವನ ಮುಖವನ್ನು ಸುಮ್ಮನೆ ನೋಡಿ ಚಾಪೆ ಸರಿಸಿ ಕೊಟ್ಟರು.

ಕಲಿಕೆ ಅವನಂದುಕೊಂಡಷ್ಟು ಸಲೀಸಾಗಿರಲಿಲ್ಲ. ಸಾಲು ಬಲದಿಂದ ಎಡಕ್ಕೆ ಓಡುತ್ತಿತ್ತು. ಅಂಕಲಿಪಿಯಲ್ಲಿ ಅಕ್ಷರಗಳ ಸಾಲು ಒಂದು, ಲೆಕ್ಕದಲ್ಲಿ ಇನ್ನೊಂದು. ಅಲಿಫ್ ಒಂದು, ಬೇ ಎರಡು, ಜೀಮ್ ಮೂರು, ದಾಲ್ ನಾಲ್ಕು. ಹತ್ತು ಮುಟ್ಟಿದ ಮೇಲೆ ಇಪ್ಪತ್ತು, ಮೂವತ್ತು ಎಂದು ಹಾರುತ್ತಿತ್ತು. ನೂರರ ಮೇಲೆ ಇನ್ನೂರು, ಮುನ್ನೂರು. ಕಡೆಯ ಘೈನ್‌ಗೆ ಸಾವಿರ. ಮಾಸ್ತರರು ಅದನ್ನು ಹಾಡಿನ ಹಾಗೆ ಕಲಿಸಿದರು: ಅಬ್ಜದ್, ಹವ್ವಜ್, ಹುತ್ತೀ, ಕಲಿಮನ್. ಗಡಹಿಂಗ್ಲಜದ ಬಸ್ಸಿನಲ್ಲಿ ಮಲ್ಲಿನಾಥ ತುಟಿ ಅಲುಗಿಸುತ್ತ ಕೂತರೆ ಪಕ್ಕದವರು ಜಪ ಮಾಡುತ್ತಾನೆಂದುಕೊಂಡು ಜಾಗ ಬಿಡುತ್ತಿದ್ದರು.

ಮೂರು ಬಗೆಯ ಸಕಾರ ಕಂಡು ಅವನು ಒಮ್ಮೆ ಕೈಚೆಲ್ಲಿದ. ಒಂದು ಸಾಲದೇ ಎಂದು ಕೇಳಿದ.

'ಬಾಯಿಗೆ ಒಂದ ಸಾಕು, ಲೆಕ್ಕಕ್ಕ ಮೂರೂ ಬೇಕು' ಎಂದರು ಮಾಸ್ತರರು. 'ಸೀನ್ ಅರವತ್ತು, ಸ್ವಾದ್ ತೊಂಬತ್ತು, ಸೇ ಐದನೂರು. ತಪ್ಪ ಸ ಹಿಡದಿ ಅಂದ್ರ ಬಾದಶಹಾ ಹುಟ್ಟೂದಕ್ಕಿಂತ ಮೊದಲ ಪಟ್ಟಕ್ಕ ಕುಂದರತಾನ.'

ಇನ್ನೊಂದು ಸಲ ಅವನು ಎರಡು ಪದಗಳ ನಡುವೆ ಬರುವ 'ಎ' ದನಿಯನ್ನೂ ಕೂಡಿಸಿಬಿಟ್ಟ. ಬರೆದದ್ದಕ್ಕಷ್ಟೇ ಲೆಕ್ಕ, ಕೇಳಿಸಿದ್ದಕ್ಕಿಲ್ಲ ಎಂದು ಮಾಸ್ತರರು ತಿದ್ದಿದರು. ದಿನ ಹೋದಂತೆ ಮಲ್ಲಿನಾಥನಿಗೆ ಒಂದು ವಿಚಿತ್ರ ಅನುಭವವಾಗತೊಡಗಿತು. ಇಚಲಕರಂಜಿಗೆ ಹೋಗುವ ದಿನ ಅವನು ಬೇಗ ಏಳುತ್ತಿದ್ದ, ಹೆಜ್ಜೆ ಹಗುರಾಗಿರುತ್ತಿತ್ತು. ಸೇಡಿನ ಹುರುಪು ಎಂದು ತನಗೆ ತಾನೇ ಹೇಳಿಕೊಂಡ.

ಅವನಿಗೆ ಬೇಕಾದದ್ದು ವಿಜಾಪುರದ ಆದಿಲಶಾಹಿ ಕಾಲದ ಒಂದು ಇಸವಿ. ತಕ್ಕಡಿಯಲ್ಲಿ ಬೊಟ್ಟು ಇಟ್ಟು ತೆಗೆದ ಹಾಗೆ ಪದ ಇಟ್ಟು ತೆಗೆದು ನೋಡಿದ. ಶಮಶೀರ್, ಅಂದರೆ ಖಡ್ಗ: ಎಂಟುನೂರಾ ಐವತ್ತು. ಸಿದ್ಕ್, ಅಂದರೆ ನಿಷ್ಠೆ: ನೂರಾ ತೊಂಬತ್ನಾಲ್ಕು. ದಿಲ್, ಹೃದಯ: ಮೂವತ್ನಾಲ್ಕು. ಒಟ್ಟು ಸಾವಿರದ ಎಪ್ಪತ್ತೆಂಟು. ಹಿಜರಿಯ ಆ ವರ್ಷ ವಿಜಾಪುರದಲ್ಲಿ ಎರಡನೆಯ ಅಲಿ ಆದಿಲಶಹಾ ಆಳುತ್ತಿದ್ದ. ಶಮಶೀರ್-ಎ-ಸಿದ್ಕ್-ಎ-ದಿಲ್. ಹೃದಯದ ನಿಷ್ಠೆಯ ಖಡ್ಗ. ನಿಲೇಶನಿಗೆ ಕೊಡಲು ಇದಕ್ಕಿಂತ ಒಪ್ಪುವ ಮಾತಿರಲಿಲ್ಲ.

ತಪ್ಪಿದ್ದರೆ ತಿಳಿಯಲೆಂದು ಅವನು ಮೂರು ಪದಗಳನ್ನೂ ಮಾಸ್ತರರ ಮುಂದೆ ಬರೆದು ತೋರಿಸಿದ. ಹೀಗೇ ಸುಮ್ಮನೆ ಕೂಡಿಸಿದೆ ಎಂದ. ಮಾಸ್ತರರು ಬೆರಳಿಟ್ಟು ಎಣಿಸಿದರು. ಎಣಿಸಿದ ಮೇಲೂ ಬೆರಳು ತೆಗೆಯಲಿಲ್ಲ.

'ನಲವತ್ತ ವರ್ಷ ಕಲಿಸೇನಿ, ಅಲ್ಲಪ್ಪ. ಕಲಿಯಾಕ ಬಂದಾವ ತಾನ ಒಂದು ಕಟ್ಟಿ ತಂದದ್ದ ನೋಡಿದ್ದಿಲ್ಲ.'

ಅವರ ಕಣ್ಣು ಒದ್ದೆಯಾಗಿತ್ತು. ಮಲ್ಲಿನಾಥ ಚಹಾದ ಬಸಿಯ ಕಡೆ ನೋಡುತ್ತ ಕೂತ. ಮುಂದಿನ ವಾರದಿಂದ ಅವನು ಹೋಗಲಿಲ್ಲ.

ಪಾತ್ರೆಗಳ ಮೇಲೆ ಹೆಸರು ಕೆತ್ತಿ ಬೆಳೆದ ಕೈ ಅದು. ಮೂರು ಪದಗಳನ್ನು ಅಲಗಿನ ಮೇಲೆ ತೋಡಿ, ಬೆಳ್ಳಿಯ ಎಳೆ ಕೂರಿಸಿ, ಅಲ್ಲಲ್ಲಿ ಎಳೆ ಕಿತ್ತುಹೋದಂತೆ ಮಾಡಿದ. ಶಿರೋಳದ ಕಬ್ಬಿನ ಗದ್ದೆಯ ಹಸಿ ಮಣ್ಣಿನಲ್ಲಿ ಒಂದು ಮಳೆಗಾಲ ಮಲಗಿಸಿದ. ಹಳೆಯ ಹಿಡಿಯೊಂದನ್ನು ಅದಕ್ಕೆ ಕೂರಿಸಿ ಒಳಗೆ ಅರಗು ತುಂಬುವಾಗ ಹೊಚ್ಚಹೊಸ ಒಂದು ರೂಪಾಯಿಯ ನಾಣ್ಯ ಹಾಕಿದ. ಅದೇ ಅವನ ಸಾಕ್ಷಿ. ಕಡೆಗೆ, ದಾನೋಳಿಯಲ್ಲಿ ಕೆಡವುತ್ತಿದ್ದ ಹಳೆಯ ವಾಡೆಯ ಗುಜರಿಯನ್ನು ಯಲಗೂರಪ್ಪನೆಂಬ ವ್ಯಾಪಾರಿ ಕೊಂಡಿದ್ದ. ಮಲ್ಲಿನಾಥ ಖಡ್ಗವನ್ನು ಆ ರಾಶಿಯೊಳಗೆ ತೂರಿಸಿಟ್ಟು ಬಂದ. ಯಲಗೂರಪ್ಪನಿಗೆ ಏನೂ ಗೊತ್ತಿರಲಿಲ್ಲ. ಹಳೆಯದೇನು ಸಿಕ್ಕರೂ ಅವನು ನಿಲೇಶ ಬೇರೆ ಹೋಗಿ ಹಾಕಿಕೊಂಡ ಅಂಗಡಿಗೇ ಒಯ್ಯುತ್ತಿದ್ದ.

ಮುಂದೆ ಎಲ್ಲ ನೀರಿನ ಹಾಗೆ ಹರಿಯಿತು. ನಿಲೇಶ ಅಲಗು ಮೂಸಿದ, ಒಪ್ಪಿದ. ಪುಣೆಯ ಪಂಡಿತರೊಬ್ಬರಿಗೆ ತೋರಿಸಿದ. ಅವರು ಅಂಕಿ ಕೂಡಿಸಿ, ಇಸವಿ ಸಿಕ್ಕ ಸಂತೋಷಕ್ಕೆ ತಾವೇ ಅದರ ಬಗ್ಗೆ ಉಪನ್ಯಾಸ ಕೊಟ್ಟರು. ಕಾಕಾಸಾಹೇಬರು ಕೊಂಡರು. ಪಡಸಾಲೆಯಲ್ಲಿ ಪ್ರದರ್ಶನವಿಟ್ಟು ಊರಿನ ದೊಡ್ಡವರನ್ನೆಲ್ಲ ಕರೆದರು. ಮಲ್ಲಿನಾಥನನ್ನು ಕರೆದವನು ನಿಲೇಶನೇ. 'ಮಾಮಾ, ನೀವು ಬಂದ್ರ ನನಗ ಭಾಳ ಛಲೋ ಅನಸ್ತೈತಿ' ಎಂದ ಫೋನಿನಲ್ಲಿ. ಆ ದನಿಯಲ್ಲಿ ನಾಟಕವಿದೆಯೇ ಎಂದು ಮಲ್ಲಿನಾಥ ಹುಡುಕಿದ, ಸಿಗಲಿಲ್ಲ. ಅದೇ ಅವನನ್ನು ಇನ್ನಷ್ಟು ಉರಿಸಿತು. ಮೋಸ ಮಾಡಿದ್ದು ಅವನಿಗೆ ನೆನಪೂ ಇರಲಿಲ್ಲ.

ಭಾನುವಾರ ಮುಂಜಾನೆ ಪಡಸಾಲೆ ತುಂಬಿತ್ತು. ನಿಲೇಶ ಒರೆಯಿಂದ ಖಡ್ಗ ಎಳೆದು, ಅಲಿ ಆದಿಲಶಹಾನ ಕಾಲದ್ದು ಎಂದು ಮರಾಠಿಯಲ್ಲಿ ಮಾತಾಡಿ, ಎಲ್ಲರೂ ಚಪ್ಪಾಳೆ ತಟ್ಟಿದ ಮೇಲೆ ಮಲ್ಲಿನಾಥ ಎದ್ದು ನಿಂತ.

'ಹಿಡಿ ಬಿಚ್ಚಿ ನೋಡ್ರಿ, ಕಾಕಾಸಾಹೇಬ. ಅರಗಿನ ವಾಸನಿ ಹೊಸಾದೈತಿ.'

ಯಾರೋ ನಕ್ಕರು. ಕಾಕಾಸಾಹೇಬರು ನಗಲಿಲ್ಲ. ಹಿಡಿಯನ್ನು ಸಮೆಯ ದೀಪಕ್ಕೆ ಹಿಡಿದು ಕಾಯಿಸಿ ಎಳೆಸಿದರು. ಕರಗಿದ ಅರಗಿನ ಜೊತೆ ನಾಣ್ಯ ಫರಸಿಯ ಮೇಲೆ ಬಿದ್ದು ಉರುಳಿತು. ಒಬ್ಬರು ಎತ್ತಿ, ಒರೆಸಿ, ಅದರ ಮೇಲಿನ ಇಸವಿಯನ್ನು ಗಟ್ಟಿಯಾಗಿ ಓದಿದರು. ನಿಲೇಶ ನಾಣ್ಯದ ಕಡೆ ನೋಡಲಿಲ್ಲ, ಮಲ್ಲಿನಾಥನ ಕಡೆ ನೋಡಿದ. ಕಾಕಾಸಾಹೇಬರು ಬಂದು ಮಲ್ಲಿನಾಥನ ಎರಡೂ ಕೈ ಹಿಡಿದುಕೊಂಡು, ದೀಪದ ವಿಷಯದಲ್ಲಿ ತಾವು ತಪ್ಪಿದೆವು ಎಂದು ಎಲ್ಲರೆದುರು ಒಪ್ಪಿ, ತಮ್ಮ ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. ಇಷ್ಟು ವರ್ಷ ಕಾದ ಘಳಿಗೆ ಅದು. ಮಲ್ಲಿನಾಥನಿಗೆ ಗುರುಸಿದ್ದವ್ವ ಇಲ್ಲಿರಬೇಕಿತ್ತು ಅನ್ನಿಸಿತು.

ಖಡ್ಗ ಈಗ ಕೈಯಿಂದ ಕೈಗೆ ಹೋಗುತ್ತಿತ್ತು. ಅಂದೇ ಪುಣೆಯಿಂದ ಬಂದಿಳಿದಿದ್ದ ಕಾಕಾಸಾಹೇಬರ ಮೊಮ್ಮಗಳು ರುತುಜಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಹೊಸದಾಗಿ ಕಲಿಯುವವರ ಹಾಗೆ ಒಂದೊಂದೇ ಅಕ್ಷರ ಬಿಡಿಸಿದಳು: ಶೀನ್, ಮೀಮ್, ಶೀನ್. ಮೂರನೆಯ ಪದಕ್ಕೆ ಬರುವಷ್ಟರಲ್ಲಿ ಅವಳಿಗೆ ನಗು ಬಂತು. ಇದು ನನ್ನ ಮೊದಲನೆಯ ಪಾಠ, ಅಜ್ಜಾ, ಎಂದಳು. ಮನೆತನದ ಹಳೆಯ ಕಾಗದ ಓದಲೆಂದು ಅವಳು ಫೋನಿನಲ್ಲೇ ಇಚಲಕರಂಜಿಯ ಮಾಸ್ತರರೊಬ್ಬರ ಹತ್ತಿರ ಉರ್ದು ಕಲಿಯುತ್ತಿದ್ದಳಂತೆ. ಅವರಲ್ಲಿ ಯಾರೇ ಅಕ್ಷರದ ಲೆಕ್ಕ ಕಲಿಯಲು ಬರಲಿ, ಮೊದಲು ಎಣಿಸಲು ಕೊಡುವುದು ಈ ಮೂರು ಪದಗಳನ್ನೇ ಅಂತೆ. ತಮ್ಮ ಶಿಷ್ಯನೊಬ್ಬ ಕಟ್ಟಿದ್ದು ಎಂದು ಹೆಮ್ಮೆಯಿಂದ ಹೇಳಿ, ಆಮೇಲೆ ಅವನು ಬರಲೇ ಇಲ್ಲ ಎನ್ನುತ್ತಾರಂತೆ. ಶಿಷ್ಯನ ಮೊದಲ ಸಾಲನ್ನು ಗುರು ತನ್ನ ಹತ್ತಿರ ಇಟ್ಟುಕೊಳ್ಳುವುದಿಲ್ಲ, ಹಂಚುತ್ತಾನೆ. ಮಲ್ಲಿನಾಥ ಇದೊಂದನ್ನು ಎಣಿಸಿರಲಿಲ್ಲ. ಅವನು ಕುರ್ಚಿಯಿಂದ ಏಳುವ ಮೊದಲೇ ರುತುಜಾ ವಿಡಿಯೋ ಕಾಲ್ ಹಚ್ಚಿ, ಖಡ್ಗ ತೋರಿಸಲು ಫೋನನ್ನು ಅಜ್ಜನ ಕಡೆ ತಿರುಗಿಸಿದ್ದಳು. ಪರದೆಯ ಮೇಲೆ ಬಾಬಾಲಾಲ ಮಾಸ್ತರರ ಕಣ್ಣು ಖಡ್ಗವನ್ನು ದಾಟಿ, ಕಾಕಾಸಾಹೇಬರನ್ನು ದಾಟಿ, ಪಕ್ಕದ ಕುರ್ಚಿಯ ಮೇಲೆ ನಿಂತು ಅರಳಿತು. 'ಅಲ್ಲಪ್ಪ,' ಎಂದರು ಅವರು, 'ಎಲ್ಲಿ ಹೋಗಿದ್ದೆಪಾ ಇಷ್ಟ ದಿನ?'